ಹತ್ತು ಟಿಪ್ಪರಿನಲ್ಲಿ ಒಂಬತ್ತು ಓಡುವುದು ಮಣ್ಣಿಗೇ

ಕೋಲಾರ ಜಿಲ್ಲೆಯಲ್ಲಿ ಎಲ್ಲಿ ಅಗೆದರೂ ಕಲ್ಲಿದ್ದಲು ಸಿಗುವುದಿಲ್ಲ. ಸಿಗುವುದಕ್ಕೆ ಸಾಧ್ಯವೂ ಇಲ್ಲ. ಇಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಕಲ್ಲಿದ್ದಲು ಅಂದರೆ ಹೂತುಹೋದ ಕಾಡು. ಈ ಬಂಡೆಗಳು ಹುಟ್ಟಿದಾಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢ, ತೆಲಂಗಾಣದ ಕಲ್ಲಿದ್ದಲು ಬಹುಪಾಲು 25ರಿಂದ 30 ಕೋಟಿ ವರ್ಷ ಹಳೆಯದು. ನಮ್ಮ ಬಂಡೆಗಳ ಮುಂದೆ ಅದು ನಿನ್ನೆ ಮೊನ್ನೆಯದು.

ಆದರೂ ಕಲ್ಲಿದ್ದಲು ಗಣಿಗೂ ನಮಗೂ ಹತ್ತಿರದ ನಂಟಿದೆ. ಆ ಗಣಿಗಳಲ್ಲಿ ಮಣ್ಣು ತಳ್ಳುವ ಬುಲ್ಡೋಜರ್, ಬಂಡೆ ಎತ್ತುವ ಎಕ್ಸ್‌ಕವೇಟರ್‌ಗಳನ್ನು ಕೆಜಿಎಫ್‌ನಲ್ಲಿ ಮಾಡುತ್ತಾರೆ. 1964ರಲ್ಲಿ ಶುರುವಾದ ಬಿಇಎಂಎಲ್ ಕಂಪನಿಯ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆ ಇರುವುದು ಇಲ್ಲೇ. ಗಣಿಯ ದೊಡ್ಡ ಡಂಪರ್‌ಗಳು ಅದೇ ಕಂಪನಿಯ ಮೈಸೂರು ಘಟಕದಲ್ಲಿ ತಯಾರಾಗುತ್ತವೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈ ಕಾರ್ಖಾನೆ ಉಳಿಯಿತು. ಕೆಜಿಎಫ್, ಬಂಗಾರಪೇಟೆ ಕಡೆಯ ಎಷ್ಟೋ ಮನೆಗಳ ಅಡುಗೆ ಒಲೆ ಉರಿದದ್ದು ಕಲ್ಲಿದ್ದಲು ಗಣಿಗೆ ಹೋಗುವ ಈ ಯಂತ್ರಗಳಿಂದಲೇ.

ಕರೆಂಟಿನ ನಂಟು ಬೇರೆ. ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡಿತಿನಿ, ಈ ಮೂರೂ ಕಡೆಯ ಉಷ್ಣ ಸ್ಥಾವರಗಳಿಗೆ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲೇ ಬರಬೇಕು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿ ನಮ್ಮ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಗಿದೆ. ಅದು ತೆರೆದ ಗಣಿ. ಪಾವಗಡದ ಸೋಲಾರ್ ಪಾರ್ಕ್ ಎಷ್ಟೇ ದೊಡ್ಡದಾದರೂ ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲು, ಜಲವಿದ್ಯುತ್ತಿನಂಥವೇ ಗತಿ.

ತೆರೆದ ಗಣಿ ಎಂದರೆ ಮೇಲಿನ ಮಣ್ಣು, ಬಂಡೆ ಎಲ್ಲ ತೆಗೆದು, ಆಕಾಶ ಕಾಣುವಂತೆ ಹೊಂಡ ಮಾಡಿ, ಕೆಳಗಿನ ಕಲ್ಲಿದ್ದಲು ಪದರವನ್ನು ಎತ್ತುವುದು. ಕೆಜಿಎಫ್‌ನ ಚಾಂಪಿಯನ್ ರೀಫ್‌ನಂತೆ ಮೂರು ಕಿಲೋಮೀಟರ್ ಆಳಕ್ಕೆ ಸುರಂಗ ಇಳಿಸುವ ಕೆಲಸ ಅಲ್ಲ. ದೇಶದಲ್ಲಿ ತೆಗೆಯುವ ಕಲ್ಲಿದ್ದಲಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಈಗ ಇಂಥ ಗಣಿಗಳಿಂದಲೇ ಬರುತ್ತದೆ. ಸಿಂಗ್ರೌಲಿಯ ದೊಡ್ಡ ಗಣಿಗಳಲ್ಲಿ 96 ಮೀಟರ್ ಉದ್ದದ ತೋಳಿನಿಂದ ಉಕ್ಕಿನ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟು ಮಣ್ಣು ಎಳೆಯುವ ಡ್ರ್ಯಾಗ್‌ಲೈನ್ ಯಂತ್ರಗಳಿವೆ, ನೂರು ಟನ್ ಹೊರುವ ಡಂಪರ್‌ಗಳಿವೆ. ನಾನು ಇಲ್ಲಿ ಹೇಳಹೊರಟಿದ್ದು ಅವುಗಳ ಬಗ್ಗೆ ಅಲ್ಲ. ವರ್ಷಕ್ಕೆ ಕೆಲವು ಲಕ್ಷ ಟನ್ ತೆಗೆಯುವ ಚಿಕ್ಕ ಗಣಿ ಬಗ್ಗೆ. ಅಲ್ಲಿ ಓಡುವ ಯಂತ್ರಗಳು ಮಾಲೂರು ತಾಲ್ಲೂಕಿನ ಟೇಕಲ್ ಕಡೆಯ ಕಲ್ಲು ಕ್ವಾರಿಗಳಲ್ಲಿ ನಾವು ದಿನಾ ನೋಡುವಂಥವೇ: ಹಿಟಾಚಿ (ಎಕ್ಸ್‌ಕವೇಟರ್‌ಗೆ ನಮ್ಮ ಕಡೆಯ ಹೆಸರು), ಟಿಪ್ಪರ್, ಡ್ರಿಲ್, ಡೋಜರ್. ಹಾಗಾಗಿ ಈ ಲೆಕ್ಕ ನಮ್ಮವರಿಗೆ ದೂರದ ಮಾತಲ್ಲ.

ಮೊದಲು ಕಲ್ಲಿದ್ದಲಿನ ಮೇಲೆ ಏನಿದೆ ನೋಡಬೇಕು. ಅದನ್ನು ಓವರ್‌ಬರ್ಡನ್ ಅನ್ನುತ್ತಾರೆ, ಗಣಿಯವರ ಬಾಯಲ್ಲಿ ಓಬಿ. ಮೇಲೆ ಕೃಷಿ ಮಣ್ಣು, ಅದರ ಕೆಳಗೆ ಜೇಡಿ, ಅದರ ಕೆಳಗೆ ಮರಳುಗಲ್ಲು. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಓಬಿ ತೆಗೆಯಬೇಕು ಅನ್ನುವುದೇ ಗಣಿಯ ಹಣೆಬರಹ. ಇದಕ್ಕೆ ಸ್ಟ್ರಿಪ್ಪಿಂಗ್ ರೇಶಿಯೋ ಎಂದು ಹೆಸರು. ಒಂದು ಗಣಿಯಲ್ಲಿ ಅದು 4 ಇದೆ ಅಂದುಕೊಳ್ಳಿ. ಮರಳುಗಲ್ಲು ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ಅಲ್ಲಿಗೆ ಒಂದು ಟನ್ ಕಲ್ಲಿದ್ದಲಿಗೆ 9 ಟನ್‌ಗೂ ಹೆಚ್ಚು ಕಲ್ಲುಮಣ್ಣು. ಗಣಿಯಲ್ಲಿ ಹತ್ತು ಟಿಪ್ಪರ್ ಲೋಡ್ ಹೊರಟರೆ ಅದರಲ್ಲಿ ಒಂಬತ್ತು ಓಬಿ, ಒಂದೇ ಒಂದು ಕಲ್ಲಿದ್ದಲು. ಆ ಒಂಬತ್ತಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ಡೀಸೆಲ್ಲು, ಟೈರು, ಡ್ರೈವರ್ ಸಂಬಳ ಎಲ್ಲ ಅದಕ್ಕೂ ಅಷ್ಟೇ. ಕಲ್ಲಿದ್ದಲು ಗಣಿ ಅಂದರೆ ಅಸಲಿಗೆ ಮಣ್ಣು ಸಾಗಿಸುವ ಕೆಲಸ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೊಂಡವನ್ನು ನೇರ ಗೋಡೆಯಂತೆ ಇಳಿಸುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಪ್ರತಿ ಮೆಟ್ಟಿಲನ್ನು ಬೆಂಚು ಅನ್ನುತ್ತಾರೆ. ಚಿಕ್ಕ ಗಣಿಯಲ್ಲಿ ಬೆಂಚಿನ ಎತ್ತರ ಐದಾರು ಮೀಟರ್ ಇರುತ್ತದೆ. ಅದನ್ನು ನಿರ್ಧರಿಸುವುದು ಯಂತ್ರದ ತೋಳು. ಹಿಟಾಚಿಯ ಬಕೆಟ್ ಎಟುಕದಷ್ಟು ಎತ್ತರಕ್ಕೆ ಬೆಂಚು ಬಿಟ್ಟರೆ ಮೇಲಿನ ಭಾಗ ಕೊಡೆಯಂತೆ ಚಾಚಿಕೊಂಡು, ಒಂದು ದಿನ ಯಂತ್ರದ ಮೇಲೇ ಕಳಚಿ ಬೀಳುತ್ತದೆ.

ಮಣ್ಣನ್ನು ನೇರವಾಗಿ ಅಗೆಯಬಹುದು. ಮರಳುಗಲ್ಲು ಹಾಗೆ ಬಗ್ಗುವುದಿಲ್ಲ, ಸಿಡಿಸಬೇಕು. ಡ್ರಿಲ್ ಯಂತ್ರ ಬೆಂಚಿನ ಮೇಲೆ ಸಾಲು ಸಾಲಾಗಿ ರಂಧ್ರ ಕೊರೆಯುತ್ತದೆ. ಅದರೊಳಗೆ ಸ್ಫೋಟಕ ತುಂಬುತ್ತಾರೆ. ಒಣ ರಂಧ್ರಕ್ಕೆ ಅಮೋನಿಯಂ ನೈಟ್ರೇಟ್ 94 ಪಾಲು, ಡೀಸೆಲ್ 6 ಪಾಲಿನ ಮಿಶ್ರಣ ಸಾಕು. ನೀರು ನಿಂತ ರಂಧ್ರದಲ್ಲಿ ಅದು ಕರಗಿಹೋಗುತ್ತದೆ, ಆಗ ನೀರಿಗೆ ಕರಗದ ಎಮಲ್ಷನ್ ಸ್ಫೋಟಕ ಬೇಕು. ಎಲ್ಲ ರಂಧ್ರಗಳನ್ನೂ ಒಟ್ಟಿಗೆ ಸಿಡಿಸುವುದಿಲ್ಲ. ಸಾಲಿನಿಂದ ಸಾಲಿಗೆ ಕೆಲವು ಮಿಲಿಸೆಕೆಂಡ್ ಅಂತರ ಕೊಡುತ್ತಾರೆ. ಮುಂದಿನ ಸಾಲು ಸ್ವಲ್ಪ ಜರುಗಿ ಜಾಗ ಬಿಟ್ಟರೆ ಹಿಂದಿನ ಸಾಲು ಚೆನ್ನಾಗಿ ಒಡೆಯುತ್ತದೆ, ಊರಿಗೆ ತಾಗುವ ಕಂಪನವೂ ಕಡಿಮೆಯಾಗುತ್ತದೆ. ಸಿಡಿಸುವಾಗ ಸುತ್ತ 500 ಮೀಟರ್ ಅಪಾಯದ ವಲಯ. ಅಷ್ಟರೊಳಗಿನ ಜನ ಹೊರಗೆ ಹೋಗಬೇಕು ಅಥವಾ ಗಟ್ಟಿ ಆಸರೆಯೊಳಗೆ ಇರಬೇಕು. ಸ್ಫೋಟಕದ ವಿಷಯದಲ್ಲಿ ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಬಳಿ ಜೆಲೆಟಿನ್ ಸಿಡಿದು ಆರು ಜನ ತೀರಿಕೊಂಡರು.

ಬ್ಲಾಸ್ಟ್ ಚೆನ್ನಾಗಿ ಆಯಿತೋ ಇಲ್ಲವೋ ಅನ್ನುವುದು ಗೊತ್ತಾಗುವುದು ಹಿಟಾಚಿ ಕೆಲಸಕ್ಕೆ ಇಳಿದಾಗ. ಕಲ್ಲು ಹದವಾಗಿ ಒಡೆದಿದ್ದರೆ ಬಕೆಟ್ ಒಂದೇ ಎಳೆತಕ್ಕೆ ತುಂಬುತ್ತದೆ. ದೊಡ್ಡ ದಿಂಡುಗಳು ಉಳಿದಿದ್ದರೆ ಆಪರೇಟರ್ ಅವನ್ನು ಪಕ್ಕಕ್ಕೆ ಸರಿಸುತ್ತ, ಕೆರೆಯುತ್ತ ಕೂರಬೇಕು. ಬಕೆಟ್ಟಿನ ಹಲ್ಲು ಸವೆಯುತ್ತದೆ, ಆಮೇಲೆ ಬ್ರೇಕರ್ ತರಿಸಿ ಒಡೆಸಬೇಕು. ಸ್ಫೋಟಕದಲ್ಲಿ ಉಳಿಸಿದ ಕಾಸು ಡೀಸೆಲ್ಲಿನಲ್ಲಿ ಹೋಗುತ್ತದೆ.

ಈಗ ಹಿಟಾಚಿಗೆ ಬರೋಣ. ಅದರೊಳಗೆ ಡೀಸೆಲ್ ಎಂಜಿನ್ ನೇರವಾಗಿ ತೋಳನ್ನು ಎಳೆಯುವುದಿಲ್ಲ. ಎಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು 300 ಬಾರ್‌ಗೂ ಮೀರಿದ ಒತ್ತಡದಲ್ಲಿ ಸಿಲಿಂಡರಿಗೆ ತಳ್ಳುತ್ತದೆ. ಕಾರಿನ ಟೈರಿನ ಗಾಳಿ ಎರಡು ಬಾರ್ ಚಿಲ್ಲರೆ ಅಷ್ಟೇ. ಅಷ್ಟು ಒತ್ತಡದ ಪಂಪಿನಲ್ಲಿ ಉಕ್ಕಿನ ಭಾಗಗಳ ನಡುವೆ ಕೂದಲೆಳೆಗಿಂತ ಸಣ್ಣ ಸಂದು. ಅಲ್ಲಿಗೆ ಗಣಿಯ ದೂಳು ಸೇರಿದರೆ ಪಂಪು ಹಾಳು. ಅದಕ್ಕೇ ಒಳ್ಳೆಯ ಫೋರ್‌ಮನ್ ಎಣ್ಣೆ ತುಂಬುವ ಕ್ಯಾನು, ಫನೆಲ್ಲು ಸ್ವಚ್ಛ ಇವೆಯಾ ಎಂದು ಮೊದಲು ನೋಡುತ್ತಾನೆ. ಬೆಳಗ್ಗೆ ಯಂತ್ರದ ಸುತ್ತ ಒಂದು ಸುತ್ತು ಹಾಕಿ, ಹೋಸ್ ಎಲ್ಲಾದರೂ ಒದ್ದೆಯಾಗಿದೆಯಾ, ಬಕೆಟ್ ಪಿನ್ನಿಗೆ ಗ್ರೀಸ್ ಇಳಿದಿದೆಯಾ, ಚೈನು ಸಡಿಲ ಬಿಟ್ಟಿದೆಯಾ ಎಂದು ನೋಡುವ ಆಪರೇಟರ್‌ನ ಕೈಯಲ್ಲಿ ಯಂತ್ರ ಹೆಚ್ಚು ವರ್ಷ ಬಾಳುತ್ತದೆ.

ಹಿಟಾಚಿಯಲ್ಲಿ ಎರಡು ಬಗೆ. ಬಕೆಟ್ ಮುಂದಕ್ಕೆ ತೆರೆದು ಕೆಳಗಿನಿಂದ ಮೇಲಕ್ಕೆ ಅಗೆಯುವುದು ಶವೆಲ್. ತನ್ನ ಕಡೆಗೆ ಎಳೆದುಕೊಳ್ಳುವುದು ಬ್ಯಾಕ್‌ಹೋ. ಚಿಕ್ಕ ಗಣಿಗೆ ಬ್ಯಾಕ್‌ಹೋನೇ ವಾಸಿ. ಅದು ಒಡೆದ ಕಲ್ಲಿನ ರಾಶಿಯ ಮೇಲೆ ನಿಂತು ಕೆಳಗೆ ಅಗೆಯುತ್ತದೆ. ಟಿಪ್ಪರ್ ಕೆಳಗೆ ನಿಲ್ಲುತ್ತದೆ. ಆಪರೇಟರ್‌ಗೆ ಟಿಪ್ಪರಿನ ತೊಟ್ಟಿ ಪೂರ್ತಿ ಕಾಣುತ್ತದೆ, ತಳದಲ್ಲಿ ನೀರು ನಿಂತರೂ ಯಂತ್ರ ಒಣ ಜಾಗದಲ್ಲೇ ಇರುತ್ತದೆ. ಇನ್ನೊಂದು ಅನುಕೂಲ ಇದಕ್ಕಿಂತ ದೊಡ್ಡದು. ಕಲ್ಲಿದ್ದಲು ಪದರದ ನಡುವೆ ಅಲ್ಲಲ್ಲಿ ಜೇಡಿಗಲ್ಲಿನ ತೆಳು ಪಟ್ಟಿ ಇರುತ್ತದೆ. ಕೈ ಪಳಗಿದ ಆಪರೇಟರ್ ಬ್ಯಾಕ್‌ಹೋದಲ್ಲಿ ಆ ಪಟ್ಟಿಯನ್ನು ಮಾತ್ರ ಕೆರೆದು ಬೇರೆ ಹಾಕಬಲ್ಲ. ಇಲ್ಲದಿದ್ದರೆ ಕಲ್ಲು ಕಲ್ಲಿದ್ದಲಿನ ಜೊತೆ ಸೇರಿ ರೈಲು ಹತ್ತುತ್ತದೆ. ನಮ್ಮ ದೇಶದಲ್ಲಿ ಕಲ್ಲಿದ್ದಲಿನ ಬೆಲೆ ಅದು ಕೊಡುವ ಶಾಖದ ಮೇಲೆ ನಿಂತಿದೆ, ಜಿ1ರಿಂದ ಜಿ17ರವರೆಗೆ ದರ್ಜೆಗಳಿವೆ. ಕಲ್ಲು ಬೆರೆತಷ್ಟೂ ದರ್ಜೆ ಇಳಿಯುತ್ತದೆ, ರಾಯಚೂರಿನಲ್ಲಿ ಬೂದಿ ಏರುತ್ತದೆ. ಕ್ಯಾಬಿನ್ನಿನಲ್ಲಿ ಕೂತವನ ಎರಡು ಕೈಗಳಲ್ಲಿ ಇಷ್ಟೆಲ್ಲ ಇದೆ. ಅವನಿಗೆ ಸಿಗುವ ಮರ್ಯಾದೆ, ಸಂಬಳ ಎರಡೂ ಕಡಿಮೆ ಎಂದು ನನ್ನ ಅಭಿಪ್ರಾಯ.

ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್ ಗಣಿಗಳಲ್ಲಿ ಸರ್ಫೇಸ್ ಮೈನರ್ ಎಂಬ ಯಂತ್ರ ಜಾಸ್ತಿ ಬಳಸುತ್ತಾರೆ. ಹಲ್ಲುಗಳಿರುವ ಉರುಳೆ ತಿರುಗುತ್ತ ಪದರವನ್ನು ಹೆರೆದುಕೊಂಡು ಹೋಗುತ್ತದೆ. ಬ್ಲಾಸ್ಟಿಂಗೇ ಬೇಡ. ಆದರೆ ಅದಕ್ಕೆ ಉದ್ದನೆಯ ಚಪ್ಪಟೆ ಜಾಗ ಬೇಕು. ಚಿಕ್ಕ ಹೊಂಡದಲ್ಲಿ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ.

ಇನ್ನು ಟಿಪ್ಪರ್ ಲೆಕ್ಕ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಗಣಿ ಲಾಭವೋ ನಷ್ಟವೋ ಅನ್ನುವುದು ಇಲ್ಲೇ ಇದೆ. ಅಂಕಿಗಳು ಉದಾಹರಣೆಗೆ ನಾನು ಹಾಕಿಕೊಂಡವು.

ಹಿಟಾಚಿಯ ಬಕೆಟ್ 2 ಘನ ಮೀಟರ್. ಪೂರ್ತಿ ತುಂಬುವುದಿಲ್ಲ, 1.8 ಬರುತ್ತದೆ ಅನ್ನೋಣ. ಬಂಡೆ ಒಡೆದ ಮೇಲೆ ಉಬ್ಬುತ್ತದೆ. ಭೂಮಿಯೊಳಗೆ ಘನ ಮೀಟರಿಗೆ 2.3 ಟನ್ ಇದ್ದದ್ದು ಸಡಿಲವಾದಾಗ 1.6ಕ್ಕೆ ಇಳಿಯುತ್ತದೆ. ಅಲ್ಲಿಗೆ ಒಂದು ಬಕೆಟ್ಟಿಗೆ ಹತ್ತಿರ ಹತ್ತಿರ 2.9 ಟನ್. 26 ಟನ್ ಹೊರುವ ಟಿಪ್ಪರಿಗೆ 9 ಬಕೆಟ್. ಒಂದೊಂದಕ್ಕೆ 25 ಸೆಕೆಂಡ್. ಟಿಪ್ಪರ್ ಹಿಂದೆ ಬಂದು ನಿಲ್ಲುವುದೂ ಸೇರಿ ಒಂದು ಲೋಡಿಗೆ ನಾಲ್ಕೂವರೆ ನಿಮಿಷ.

ಓಬಿ ಸುರಿದು ರಾಶಿ ಹಾಕುವ ಜಾಗ, ಅಂದರೆ ಡಂಪ್, 1.5 ಕಿಲೋಮೀಟರ್ ದೂರ. ತುಂಬಿದ ಟಿಪ್ಪರ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಏರಿದರೆ 6 ನಿಮಿಷ. ಸುರಿದು ತಿರುಗಲು 2 ನಿಮಿಷ. ಖಾಲಿ ಬರುವಾಗ 25ರ ವೇಗದಲ್ಲಿ ಮೂರೂವರೆ ನಿಮಿಷ ಚಿಲ್ಲರೆ. ಒಟ್ಟು ಒಂದು ಸುತ್ತಿಗೆ 16 ನಿಮಿಷ. 16ನ್ನು ನಾಲ್ಕೂವರೆಯಿಂದ ಭಾಗಿಸಿ. ಮೂರೂವರೆ ಚಿಲ್ಲರೆ. ಅಂದರೆ ಈ ಹಿಟಾಚಿಗೆ ನಾಲ್ಕು ಟಿಪ್ಪರ್ ಬೇಕು. ನಾಲ್ಕು ಇದ್ದರೆ ಹಿಟಾಚಿ ಸುಮ್ನೆ ನಿಲ್ಲುವುದಿಲ್ಲ, ಗಂಟೆಗೆ ಸುಮಾರು 345 ಟನ್ ಸಾಗುತ್ತದೆ. ಮೂರೇ ಇದ್ದರೆ 290ಕ್ಕೆ ಇಳಿಯುತ್ತದೆ. ಐದು ಹಾಕಿದರೂ 345 ದಾಟುವುದಿಲ್ಲ. ಐದನೆಯದು ಎಂಜಿನ್ ಆನ್ ಇಟ್ಟುಕೊಂಡು ಸರದಿಯಲ್ಲಿ ನಿಂತಿರುತ್ತದೆ, ಅಷ್ಟೇ.

ಈಗ ಯಂತ್ರ ಯಾವುದನ್ನೂ ಬದಲಿಸದೆ ರಸ್ತೆಯನ್ನು ಮಾತ್ರ ಕೆಡಿಸೋಣ. ಒಂದು ಮಳೆ ಬಿದ್ದು ಗಣಿ ರಸ್ತೆ ಕೆಸರಾಯಿತು. ತುಂಬಿದ ಟಿಪ್ಪರಿನ ಒಟ್ಟು ತೂಕ 40 ಟನ್. 16ಕ್ಕೆ 1ರ ಏರು, ಅಂದರೆ 16 ಮೀಟರ್ ಹೋದರೆ 1 ಮೀಟರ್ ಹತ್ತುವುದು. ಈ ಏರಿಗೇ ಎರಡೂವರೆ ಟನ್ ಎಳೆತ ಬೇಕು. ರಸ್ತೆ ಗಟ್ಟಿ ಇದ್ದರೆ ಚಕ್ರ ಉರುಳುವುದಕ್ಕೆ ತೂಕದ ಶೇಕಡಾ 2, ಅಂದರೆ 0.8 ಟನ್ ಸೇರುತ್ತದೆ. ಕೆಸರಿದ್ದರೆ ಶೇಕಡಾ 8, ಅಂದರೆ 3.2 ಟನ್. ಕೆರೆಯಂಗಳದ ಮರಳಲ್ಲಿ ಸೈಕಲ್ ತುಳಿದವರಿಗೆ ಈ ವ್ಯತ್ಯಾಸ ಕಾಲಿಗೇ ಗೊತ್ತು. ಒಟ್ಟು ಎಳೆತ 3.3 ಟನ್ ಇದ್ದದ್ದು 5.7 ಟನ್ ಆಯಿತು. ಎಂಜಿನ್ ಅದೇ. ಹಾಗಾಗಿ 15ರ ವೇಗ 9ಕ್ಕೆ ಬರುತ್ತದೆ, ಹೋಗುವ ಹೊತ್ತು 10 ನಿಮಿಷವಾಗುತ್ತದೆ. ಖಾಲಿ ಬರುವಾಗಲೂ ಗುಂಡಿ ತಪ್ಪಿಸುತ್ತ 15ರಲ್ಲೇ ಬರಬೇಕು. ಒಂದು ಸುತ್ತು ಇಪ್ಪತ್ತೆರಡೂವರೆ ನಿಮಿಷ. ಅದೇ ನಾಲ್ಕು ಟಿಪ್ಪರ್ ಈಗ ಗಂಟೆಗೆ 277 ಟನ್ ಸಾಗಿಸುತ್ತವೆ. ಒಳ್ಳೆಯ ರಸ್ತೆಯಲ್ಲಿ ಮೂರು ಟಿಪ್ಪರ್ ಮಾಡುವ ಕೆಲಸಕ್ಕಿಂತಲೂ ಕಡಿಮೆ!

ನಾನು ಹೇಳಬೇಕು ಅಂದುಕೊಂಡದ್ದು ಇದೇ. ಚಿಕ್ಕ ಗಣಿಯ ಮಾಲೀಕರು ಉತ್ಪಾದನೆ ಕಡಿಮೆಯಾದ ಕೂಡಲೇ ಇನ್ನೊಂದು ಟಿಪ್ಪರ್ ತರಲು, ಇನ್ನೂ ದೊಡ್ಡ ಹಿಟಾಚಿ ತರಲು ಓಡುತ್ತಾರೆ. ಮೊದಲು ಗ್ರೇಡರ್ ಇಳಿಸಿ ರಸ್ತೆ ಸಮ ಮಾಡಿಸಲಿ. ಪಕ್ಕದಲ್ಲಿ ಚರಂಡಿ ತೆಗೆಸಲಿ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ದೂಳು ಕೂರುವಷ್ಟೇ ನೀರು ಹಾಕಲಿ, ಜಾಸ್ತಿ ಸುರಿದು ಜಾರುವಂತೆ ಮಾಡುವುದು ಬೇಡ. ಗ್ರೇಡರ್ ಒಂದು ಟನ್ ಕಲ್ಲಿದ್ದಲನ್ನೂ ಎತ್ತುವುದಿಲ್ಲ, ಅದಕ್ಕೇ ಅದನ್ನು ಖರ್ಚಿನ ಪಟ್ಟಿಗೆ ಹಾಕಿ ಮೂಲೆಗೆ ನಿಲ್ಲಿಸುತ್ತಾರೆ. ಮೇಲಿನ ಲೆಕ್ಕದಲ್ಲಿ ಗಂಟೆಗೆ 70 ಟನ್ ನುಂಗಿದ್ದು ಅದರ ಗೈರುಹಾಜರಿ. ಟೇಕಲ್ ಕಡೆಯ ಕ್ವಾರಿಗಳಿಗೂ ಲೆಕ್ಕ ಹಾಕುವ ರೀತಿ ಇದೇ.

ರಸ್ತೆ ಬರೀ ಲಾಭದ ಪ್ರಶ್ನೆಯೂ ಅಲ್ಲ. ಗಣಿ ನಿಯಮಗಳು ಸಾಗಣೆ ರಸ್ತೆಯ ಏರು 16ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಸ್ವಲ್ಪ ದೂರದ ರ‍್ಯಾಂಪ್ ಮಾತ್ರ 10ಕ್ಕೆ 1ರವರೆಗೆ ಇರಬಹುದು ಎನ್ನುತ್ತವೆ. ತುಂಬಿದ ಟಿಪ್ಪರ್ ಏರಿನಲ್ಲಿ ಗೇರ್ ತಪ್ಪಿ ಹಿಂದಕ್ಕೆ ಉರುಳಿದರೆ ಡ್ರೈವರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ರಸ್ತೆಯ ಅಂಚಿಗೆ ಮಣ್ಣಿನ ಬದು ಇರಲೇಬೇಕು. ಗೇಣುದ್ದದ ಬದು ಹಾಕಿ ನಿಯಮ ಪಾಲಿಸಿದೆವು ಅನ್ನುವವರಿದ್ದಾರೆ. ಟೈರು ಹತ್ತಿ ದಾಟಿಹೋಗುವಂಥ ಬದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದರ ಎತ್ತರ ಅಲ್ಲಿ ಓಡುವ ದೊಡ್ಡ ಗಾಡಿಯ ಟೈರಿಗೆ ತಕ್ಕಂತೆ ಇರಬೇಕು.

ಇನ್ನು ಡೋಜರ್. ಇದರ ಬಗ್ಗೆ ಹೇಳುವಾಗ ಕೆಜಿಎಫ್ ಕಡೆಯವರಿಗೆ ಸ್ವಲ್ಪ ಎದೆ ಉಬ್ಬುವುದು ಸಹಜ. ಇಲ್ಲಿಂದ ಹೋದ ಬಿಡಿ-155, ಬಿಡಿ-355 ಡೋಜರ್‌ಗಳು ದೇಶದ ಕಲ್ಲಿದ್ದಲು ಗಣಿಗಳಲ್ಲಿ ಮನೆಮಾತು. ಡೋಜರ್ ಕೆಲಸ ಮೂರು ಕಡೆ. ಹಿಟಾಚಿಯ ಬುಡದಲ್ಲಿ ಚೂಪು ಕಲ್ಲುಗಳನ್ನು ಗುಡಿಸಿ ಟಿಪ್ಪರ್ ಟೈರ್ ಉಳಿಸುವುದು ಒಂದು. ಮೆತ್ತನೆಯ ಬಂಡೆಯನ್ನು ಹಿಂದಿನ ರಿಪ್ಪರ್ ಕೊಕ್ಕೆಯಿಂದ ಸೀಳಿ ಬ್ಲಾಸ್ಟಿಂಗ್ ತಪ್ಪಿಸುವುದು ಇನ್ನೊಂದು. ಮೂರನೆಯದು ಡಂಪಿನಲ್ಲಿ, ಜೀವ ಉಳಿಸುವ ಕೆಲಸ.

ಟಿಪ್ಪರ್ ಡಂಪಿನ ಅಂಚಿಗೇ ಹಿಂದೆ ಬಂದು ಸುರಿಯಬಾರದು. ಸಡಿಲ ಮಣ್ಣಿನ ಅಂಚು ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ತೊಟ್ಟಿ ಎತ್ತಿದಾಗ ಹೊರೆಯೆಲ್ಲ ಹಿಂದಿನ ಚಕ್ರಗಳ ಮೇಲೆ ಬರುತ್ತದೆ, ಆಗ ಅಂಚು ಕುಸಿಯುತ್ತದೆ. ಅಂಚಿನಿಂದ ಸಾಕಷ್ಟು ದೂರದಲ್ಲೇ ಸುರಿಯಬೇಕು, ಡೋಜರ್ ಅದನ್ನು ಅಂಚಿನಾಚೆಗೆ ತಳ್ಳಬೇಕು. ತಳ್ಳುವಾಗ ತುದಿಯಲ್ಲಿ ಒಂದಷ್ಟು ಮಣ್ಣು ಬದುವಾಗಿ ಬಿಟ್ಟು ಬರಬೇಕು. ರಾತ್ರಿ ಪಾಳಿಯಲ್ಲಿ ಲೈಟು ಬೇಕು, ಕೈ ತೋರಿಸುವವನು ಬೇಕು. ಡೋಜರ್ ಕೆಟ್ಟು ನಿಂತ ದಿನ ಡಂಪ್ ನಿಲ್ಲಿಸಬೇಕು. ‘ಇವತ್ತೊಂದು ದಿನ ಅಂಚಿಗೇ ಹಾಕ್ಬಿಡಿ’ ಎಂದು ಹೇಳುವ ಸೂಪರ್‌ವೈಸರ್ ಡ್ರೈವರನ್ನು ಸಾಯಲು ಕಳಿಸುತ್ತಿದ್ದಾನೆ.

ಡಂಪಿನ ಎತ್ತರ, ಇಳಿಜಾರು ಲೆಕ್ಕ ತಪ್ಪಿದರೆ ಇಡೀ ರಾಶಿಯೇ ಜಾರುತ್ತದೆ. 2016ರ ಡಿಸೆಂಬರ್ 29ರ ರಾತ್ರಿ ಜಾರ್ಖಂಡ್‌ನ ಗೊಡ್ಡಾ ಜಿಲ್ಲೆಯ ರಾಜಮಹಲ್ ತೆರೆದ ಗಣಿಯಲ್ಲಿ ಓಬಿ ಕುಸಿದು, ಕೆಳಗೆ ಕೆಲಸ ಮಾಡುತ್ತಿದ್ದ 23 ಜನ ಯಂತ್ರಗಳ ಸಮೇತ ಹೂತುಹೋದರು. ಮಣ್ಣು ಜಾರುವ ಮೊದಲು ಮೇಲ್ಭಾಗದಲ್ಲಿ ಬಿರುಕು ಬಿಡುವುದುಂಟು. ಬಿರುಕು ಕಂಡ ಕೂಡಲೇ ಕೆಳಗಿನವರನ್ನು ಹೊರಗೆ ಕರೆಯುವ ಅಧಿಕಾರ ಪಾಳಿಯಲ್ಲಿರುವ ಯಾರಿಗಾದರೂ ಇರಬೇಕು, ಫೋನು ಮಾಡಿ ಅಪ್ಪಣೆಗೆ ಕಾಯುವಂತಿರಬಾರದು.

ನೀರು ಮತ್ತು ಬೆಂಕಿ ಇನ್ನೆರಡು ತಲೆನೋವು. ಹೊಂಡ ಅಂದ ಮೇಲೆ ನೀರು ಇಳಿದೇ ಇಳಿಯುತ್ತದೆ. ತಳದ ಒಂದು ಮೂಲೆಯಲ್ಲಿ ಬಾವಿ ತೆಗೆದು ಪಂಪ್ ಇಡುತ್ತಾರೆ. ಮಳೆಗಾಲದಲ್ಲಿ ದೇಶದ ಉತ್ಪಾದನೆಯೇ ತಗ್ಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಎಷ್ಟೋ ಉಷ್ಣ ಸ್ಥಾವರಗಳಲ್ಲಿ ಕೆಲವೇ ದಿನಕ್ಕಾಗುವಷ್ಟು ಕಲ್ಲಿದ್ದಲು ಉಳಿದಿತ್ತಲ್ವಾ, ಅದಕ್ಕೆ ಗಣಿ ಪ್ರದೇಶಗಳಲ್ಲಿ ಸುರಿದ ಜೋರು ಮಳೆಯೂ ಒಂದು ಕಾರಣ. ಬೆಂಕಿಗೆ ಕಡ್ಡಿ ಗೀರುವುದೇ ಬೇಡ. ಕಲ್ಲಿದ್ದಲು ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನಾಗಿ ಬಿಸಿಯಾಗುತ್ತದೆ. ಸಡಿಲ ರಾಶಿಯೊಳಗೆ ಗಾಳಿ ಆಡುತ್ತದೆ, ಶಾಖ ಹೊರಗೆ ಹೋಗುವುದಿಲ್ಲ, ಕೊನೆಗೆ ಹೊತ್ತಿಕೊಳ್ಳುತ್ತದೆ. ಜಾರ್ಖಂಡ್‌ನ ಝರಿಯಾ ಗಣಿಗಳಲ್ಲಿ 1916ರಲ್ಲಿ ಕಂಡ ಬೆಂಕಿ ಇವತ್ತಿಗೂ ಪೂರ್ತಿ ಆರಿಲ್ಲ. ಅದಕ್ಕೇ ಬಯಲು ಮಾಡಿದ ಪದರವನ್ನು ಬೇಗ ಎತ್ತಬೇಕು, ರಾಶಿಯನ್ನು ಡೋಜರ್‌ನಿಂದ ಒತ್ತಿ ಬಿಗಿ ಮಾಡಬೇಕು, ಹಳೆಯ ಮಾಲನ್ನು ಮೊದಲು ಕಳಿಸಬೇಕು.

ಕಲ್ಲಿದ್ದಲು ತೆಗೆದಾದ ಮೇಲೆ ಅದೇ ಟಿಪ್ಪರ್, ಅದೇ ಡೋಜರ್ ಹೊಂಡ ತುಂಬಿಸಬೇಕು. ಜಾಣತನದ ಗಣಿಯಲ್ಲಿ ಇದು ಕೊನೆಯಲ್ಲಿ ಶುರುವಾಗುವುದಿಲ್ಲ. ಒಂದು ಕಡೆ ಕಲ್ಲಿದ್ದಲು ಖಾಲಿಯಾದ ಕೂಡಲೇ ಪಕ್ಕದ ಓಬಿಯನ್ನು ಹೊರಗಿನ ಡಂಪಿಗೆ ಒಯ್ಯದೆ ಆ ಖಾಲಿ ಜಾಗಕ್ಕೇ ಹಾಕುತ್ತಾರೆ. ಸಾಗಣೆ ದೂರವೂ ಉಳಿಯಿತು, ಹೊಂಡವೂ ತುಂಬಿತು. ಬಿಟ್ಟುಹೋದ ರಾಶಿ ಏನು ಮಾಡುತ್ತದೆ ಅನ್ನುವುದನ್ನು ಕೆಜಿಎಫ್‌ನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದು ಉಳಿದ ಅದಿರಿನ ಪುಡಿಯ ರಾಶಿ) ಪಕ್ಕದಲ್ಲಿ ಇರುವವರನ್ನು ಕೇಳಬೇಕು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಗಾಳಿ ಎದ್ದರೆ ಅದರ ದೂಳು ಮನೆಯೊಳಗೇ ಬರುತ್ತದೆ.

ಅದಕ್ಕೇ ಮೊದಲ ದಿನ ಹಿಟಾಚಿ ನೆಲಕ್ಕೆ ಬಕೆಟ್ ಹಾಕುವಾಗಲೇ ಒಂದು ಕೆಲಸ ಆಗಬೇಕು. ಮೇಲಿನ ಕೃಷಿ ಮಣ್ಣನ್ನು ಬೇರೆಯಾಗಿ ಕೆರೆದು, ಬೇರೆ ಜಾಗದಲ್ಲಿ ತಗ್ಗಾದ ರಾಶಿ ಹಾಕಿ, ಮೇಲೆ ಹುಲ್ಲು ಹತ್ತಿಸಿ ಕಾಯ್ದಿಡಬೇಕು. ಹೊಂಡ ತುಂಬಿ ಸಮ ಮಾಡಿದ ಮೇಲೆ ಆ ಮಣ್ಣನ್ನೇ ಹಾಸಿದರೆ ಮತ್ತೆ ಗಿಡ ಬರುತ್ತದೆ. ಅವಸರದಲ್ಲಿ ಅದನ್ನು ಮರಳುಗಲ್ಲಿನ ಜೊತೆ ಒಂದೇ ಡಂಪಿಗೆ ಸುರಿದರೆ, ಆಮೇಲೆ ಬೇರೆ ಮಾಡುವ ಯಂತ್ರ ಕೆಜಿಎಫ್‌ನಲ್ಲೂ ಇಲ್ಲ, ಬೇರೆಲ್ಲೂ ಇಲ್ಲ.